ಹೆಬ್ಬೆರಳಿನ ಲೆಕ್ಕ

ಲೆಕ್ಕದಣ್ಣನ ಬಲಗೈ ಹೆಬ್ಬೆರಳು ಮೂರು ತಿಂಗಳಿಂದ ನೋಯುತ್ತಿತ್ತು. ದುಡಿದು ನೋಯುವ ಬೆರಳಿಗೆ ಒಂದು ಮರ್ಯಾದೆ ಇರುತ್ತದೆ. ಇದಕ್ಕೆ ಅದೂ ಇರಲಿಲ್ಲ. ಇದು ಸುಳ್ಳು ಹೇಳಿ ಹೇಳಿ ನೋಯುತ್ತಿದ್ದ ಬೆರಳು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಅದಕ್ಕೆ ಮುಲಾಮು ತಿಕ್ಕುತ್ತ ಕುಳಿತಿದ್ದಳು. "ಪಾಪ, ಎಷ್ಟು ಜನ ಬರ್ತಾರೋ ಏನೋ. ಎದುರುಗಡೆ ಅಷ್ಟು ದೊಡ್ಡ ಪಾರ್ಕು ಬಂದ್ರೂ ನಿಮ್ಮ ರೆಸಾರ್ಟಿಗೆ ಜನ ಕಡಿಮೆ ಆಗಿಲ್ಲ ಅಂದ್ರೆ, ಅದೆಲ್ಲ ನಮ್ಮಣ್ಣನ ಕೈರುಚಿ," ಎಂದಳು.

"ಹೂಂ," ಎಂದ ಲೆಕ್ಕದಣ್ಣ. ಮುಲಾಮಿನ ಉರಿಗೆ ಕಣ್ಣಲ್ಲಿ ನೀರು ಬಂತು ಎಂದು ಅವಳು ತಿಳಿದಳು.

ಅವನು ಕೆಲಸ ಮಾಡುತ್ತಿದ್ದುದು ಕೆರೆಯ ಪಕ್ಕದ ಹಳೆಯ ರೆಸಾರ್ಟಿನಲ್ಲಿ. ಆರು ದೋಣಿ, ಒಂದು ಈಜುಕೊಳ, ಒಂದು ಕ್ಯಾಂಟೀನು, ಬಣ್ಣ ಹೋದ ಹತ್ತು ಕೋಣೆ. ಯಜಮಾನರು ಬದುಕಿದ್ದಾಗ ಒಂದು ಪದ್ಧತಿ ಮಾಡಿಟ್ಟಿದ್ದರು: ಒಳಗೆ ಬರಲು ಟಿಕೆಟ್ ಇಲ್ಲ. ಬಂದವರು ದೋಣಿ ಹತ್ತಿದರೆ, ಈಜಿದರೆ, ಊಟ ಮಾಡಿದರೆ ಅದಕ್ಕಷ್ಟೇ ಕೊಡಬೇಕು. ಟಿಕೆಟ್ಟೇ ಇಲ್ಲದ ಮೇಲೆ ಬಂದವರೆಷ್ಟು ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಗೇಟಿನಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಮನುಷ್ಯ, ಅವನ ಅಂಗೈಯಲ್ಲಿ ಒಂದು ಎಣಿಕೆ ಯಂತ್ರ. ಒಂದು ತಲೆ ಒಳಗೆ ಹೋದರೆ ಹೆಬ್ಬೆರಳಿನಿಂದ ಒಂದು ಸಲ ಒತ್ತಬೇಕು. ಟಿಕ್ ಎಂದು ಒಂದು ಅಂಕಿ ಮುಂದೆ ಹೋಗುತ್ತದೆ. ಹತ್ತು ವರ್ಷ ಅದನ್ನೇ ಮಾಡಿ ಅವನ ಹುಟ್ಟು ಹೆಸರನ್ನು ಎಲ್ಲರೂ ಮರೆತು, ಲೆಕ್ಕದಣ್ಣ ಎಂದೇ ಕರೆಯುತ್ತಿದ್ದರು.

ದೊಡ್ಡ ಚಕ್ರ, ಹಾಡು, ಆಟಗಳ ಹೊಸ ಪಾರ್ಕು ರಸ್ತೆಯ ಆಚೆ ಬಾಗಿಲು ತೆರೆದ ಮೊದಲ ಭಾನುವಾರ ಯಂತ್ರ ಸಂಜೆಗೆ ಮೂವತ್ತೆಂಟು ತೋರಿಸಿತು. ಅದರ ಹಿಂದಿನ ಭಾನುವಾರ ತೋರಿಸಿದ್ದು ನಾನೂರ ಹನ್ನೆರಡು. ದಿನದ ಅಂಕಿಯನ್ನು ಹೇಳಲು ಲೆಕ್ಕದಣ್ಣ ಮಹಡಿ ಹತ್ತಿದ. ಮೇಲೆ ಯಜಮಾನರ ಹೆಂಡತಿ, ಎಲ್ಲರ ಬಾಯಲ್ಲಿ ಅಮ್ಮನವರು, ಮಂಡಿ ನೋವಿನಿಂದ ಕೆಳಗೆ ಇಳಿಯಲಾರದೆ ಒಬ್ಬರೇ ಕುಳಿತಿರುತ್ತಿದ್ದರು. ಗಂಡ ಹೋದ ಮೇಲೆ ಆ ಹೆಂಗಸಿಗೆ ದಿನಕ್ಕೊಂದು ಸಂತೋಷ ಎಂದರೆ ಸಂಜೆಯ ಆ ಅಂಕಿ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಕನ್ನಡಕ ತೆಗೆದು, "ಸದ್ಯ," ಎನ್ನುತ್ತಿದ್ದರು.

ಮೂವತ್ತೆಂಟಕ್ಕೆ ಅವರು ಸದ್ಯ ಎನ್ನುವುದಿಲ್ಲ ಎಂದು ಲೆಕ್ಕದಣ್ಣನಿಗೆ ಗೊತ್ತಿತ್ತು. ಅವನು ನಡುಮೆಟ್ಟಿಲಲ್ಲೇ ಕುಳಿತು ಒತ್ತತೊಡಗಿದ. ಬಾಯಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ; ಬೆರಳಿನಿಂದ ಹೇಳಿದ. ಯಂತ್ರ ತೋರಿಸಿದ್ದನ್ನು ಓದಿ ಹೇಳಿದರೆ ಅದು ಯಂತ್ರದ ಸುಳ್ಳೇ ಹೊರತು ತನ್ನದಲ್ಲ ಎಂದು ಅವನ ಸಮಾಧಾನ. ಅವತ್ತೊಂದು ದಿನ ಸಾಕು ಎಂದುಕೊಂಡಿದ್ದ. ಆದರೆ ನಿನ್ನೆ ಮುನ್ನೂರ ತೊಂಬತ್ತು ಎಂದವನು ಇವತ್ತು ಹದಿನಾಲ್ಕು ಎಂದು ಯಾವ ಮುಖದಿಂದ ಹೇಳುವುದು? ಹಾಗಾಗಿ ಮೂರು ತಿಂಗಳು ದಿನವಿಡೀ ಖಾಲಿ ಗೇಟಿನಲ್ಲಿ ಕುಳಿತು, ಹಾರಿಹೋದ ಕಾಗೆಗೊಂದು, ಅಡ್ಡ ಬಂದ ನಾಯಿಗೊಂದು, ಬಿದ್ದ ಎಲೆಗೊಂದು ಒತ್ತುತ್ತಲೇ ಇದ್ದ.

ಒಳಗಿದ್ದವರಿಗೆ ತಿಳಿಯಲಿಲ್ಲವೇ ಎಂದರೆ, ಅಲ್ಲೇ ಇರುವುದು ವಿಚಿತ್ರ. ಹಿತ್ತಲಷ್ಟೇ ಕಾಣುವ ಕೋಣೆಯಲ್ಲಿ ಕುಳಿತು, ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಮಾತ್ರ ನೋಡುವ ಅಮ್ಮನವರು ಅಂಕಿಯನ್ನು ಎಲ್ಲರಿಗೂ ಹೇಳಿ ಬೀಗುತ್ತಿದ್ದರು. ದೋಣಿಯವನು, ಜನವೆಲ್ಲ ಈಜುಕೊಳದ ಹತ್ತಿರ ಇದ್ದಾರೆ, ನನ್ನ ದೋಣಿ ಮಾತ್ರ ಯಾರಿಗೂ ಬೇಡವಾಗಿದೆ ಎಂದುಕೊಂಡ. ಈಜುಕೊಳದವನು, ಎಲ್ಲರೂ ದೋಣಿಯ ಹತ್ತಿರ ಇದ್ದಾರೆ ಎಂದುಕೊಂಡ. ಇಬ್ಬರಿಗೂ ಒಳಗೊಳಗೇ ನಾಚಿಕೆ, ಹಾಗಾಗಿ ಇಬ್ಬರೂ ಬಾಯಿ ಬಿಡಲಿಲ್ಲ. ಕೆರೆಗೂ ಕೊಳಕ್ಕೂ ನಡುವೆ ಇದ್ದ ಕ್ಯಾಂಟೀನಿನ ಅಡುಗೆಯವರು ಮಾತ್ರ ಹೊಗೆ ತುಂಬಿದ ಅಡುಗೆಮನೆಯಿಂದ ಹೊರಗೆ ಬರದೆ, ತಮ್ಮ ಕೈ ಏಕೆ ಕೆಟ್ಟಿತು ಎಂದು ದಿನವೂ ಕೊರಗುತ್ತಿದ್ದರು.

ಈ ಅಡುಗೆಯವರೇ ಲೆಕ್ಕದಣ್ಣನ ಹೆಂಡತಿಯ ಅಣ್ಣ. ಹತ್ತು ವರ್ಷದ ಹಿಂದೆ ಯಜಮಾನರ ಮುಂದೆ ನಿಂತು, ನನ್ನ ತಂಗಿಯ ಗಂಡ, ಸುಳ್ಳು ಹೇಳೋನಲ್ಲ ಎಂದು ಈ ಸ್ಟೂಲು ಕೊಡಿಸಿದವರೂ ಅವರೇ.

ಆ ಭಾನುವಾರ ಲೆಕ್ಕದಣ್ಣ ಬಂದಾಗ ಅವರು ಗೇಟಿನಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಮುಚ್ಚಿದ ಬಟ್ಟಲು.

"ಭಾವ, ಇದನ್ನ ಸ್ವಲ್ಪ ಕುಡಿದು ನೋಡಿ. ನನ್ನ ಮುಖ ನೋಡ್ಬೇಡಿ. ನಿಜ ಹೇಳಿ."

ಆಲೂಗಡ್ಡೆ ಸೂಪು. ಲೆಕ್ಕದಣ್ಣ ಕುಡಿದ. ಬೆಣ್ಣೆಯಂತೆ ಗಂಟಲಿಗೆ ಇಳಿಯಿತು. "ಚೆನ್ನಾಗಿದೆ ಭಾವ," ಎಂದ.

"ನೀವು ಮನೆಯವರು. ಹಾಗೇ ಹೇಳ್ತೀರಿ." ಅವರು ಬಟ್ಟಲು ಮುಚ್ಚಿದರು. "ನಿನ್ನೆ ಅಮ್ಮನವರು ಕರೆಸಿದ್ರು. ದಿನಕ್ಕೆ ನಾನೂರು ಜನ ಬರ್ತಾರೆ, ಊಟಕ್ಕೆ ಕೂರೋರು ಒಂಬತ್ತು ಜನ, ನಿಮ್ಮ ಅಡುಗೆ ಬಾಯಿಗೆ ಇಡೋ ಹಾಗಿಲ್ಲ ಅಂತ ತಾನೇ ಇದರ ಅರ್ಥ ಅಂದ್ರು. ಏನು ಹೇಳ್ಲಿ? ತಲೆ ತಗ್ಗಿಸಿ ನಿಂತ್ಕೊಂಡೆ. ಇವತ್ತು ಒಂದು ಗಂಟೆಗೆ ಅವರೇ ಕೆಳಗೆ ಇಳಿದು ಬಂದು ನೋಡ್ತಾರಂತೆ. ಸರಿ ಕಾಣದಿದ್ರೆ ನಾಳೆಯಿಂದ ಬೇರೆಯವರು. ಮೂವತ್ತು ವರ್ಷ ಆಯ್ತು ಭಾವ. ಇಷ್ಟು ವರ್ಷ ಉಂಡೋರು ಈಗ ನನ್ನ ಊಟ ಬಿಟ್ಟು ಮನೆಯಿಂದ ಬುತ್ತಿ ತರ್ತಾರೆ ಅಂದ್ರೆ, ನನ್ನ ಕೈಗೆ ಏನಾಯ್ತು?"

ಲೆಕ್ಕದಣ್ಣನಿಗೆ ಅವರ ಕೈ ನೋಡಲಾಗಲಿಲ್ಲ. ತನ್ನ ಕೈಯನ್ನು ಜೇಬಿನೊಳಗೆ ತುರುಕಿದ. ಬುತ್ತಿ ತರುವ ಆ ನಾನೂರು ಜನರನ್ನು ಒಬ್ಬೊಬ್ಬರನ್ನಾಗಿ ಹುಟ್ಟಿಸಿದ ಬೆರಳು ಅಲ್ಲಿ ಬೆವರುತ್ತಿತ್ತು. ಅಮ್ಮನವರನ್ನು ಸಂತೋಷವಾಗಿಡಲು ಹೇಳಿದ ಸುಳ್ಳು ಹೋಗಿ ಹೋಗಿ ಭಾವನ ಕುತ್ತಿಗೆಗೇ ಕೂತಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಮ್ಮನವರು ಕೆಳಗೆ ಇಳಿದು ಬರುತ್ತಾರೆ ಎಂಬ ಮಾತು ಕೇಳಿ ತನಗೆ ಮೊದಲು ನೆನಪಾದದ್ದು ಭಾವನ ಕೆಲಸವಲ್ಲ, ತನ್ನ ಕೆಲಸ ಎಂದು ಇನ್ನಷ್ಟು ನಾಚಿಕೆಯಾಯಿತು.

ಈಗಲೇ ಹೇಳಿಬಿಡುತ್ತೇನೆ ಎಂದು ಮಹಡಿ ಹತ್ತಿದ. ಅಮ್ಮನವರು ಪುಸ್ತಕ ಬಿಡಿಸಿಕೊಂಡೇ ಕುಳಿತಿದ್ದರು.

"ಬಾ, ಬಾ. ನಿನ್ನನ್ನೇ ನೆನೀತಿದ್ದೆ. ನೋಡು, ಮೂರು ತಿಂಗಳಲ್ಲಿ ಒಂದು ದಿನವೂ ಮುನ್ನೂರೈವತ್ತಕ್ಕಿಂತ ಕೆಳಗೆ ಬಂದಿಲ್ಲ. ಪಕ್ಕದ ಊರಿನ ರೆಸಾರ್ಟಿನವರು ಬಾಗಿಲು ಹಾಕಿದ್ರಂತೆ. ಗುಡ್ಡದ ಮೇಲಿನವರೂ ಹಾಕ್ತಾರಂತೆ. ಆ ಪಾರ್ಕು ಎಲ್ಲರನ್ನೂ ನುಂಗಿ ನೀರು ಕುಡೀತು, ನಮ್ಮೊಬ್ಬರನ್ನ ಬಿಟ್ಟು. ನಿದ್ದೆ ಬರದಿದ್ದಾಗ ನಾನು ಈ ಪುಟಗಳನ್ನ ಓದ್ತೀನಿ ಕಣಪ್ಪ."

"ಅಮ್ಮಾ, ಆ ಪುಸ್ತಕದ ವಿಷಯಾನೇ..."

"ಬೇರೆಯವರು ಹೇಳಿದ್ರೆ ನಂಬ್ತಿರಲಿಲ್ಲ. ನೀನು ಹೇಳಿದ್ದಕ್ಕೆ ನಂಬಿದೆ. ಏನೋ ಹೇಳೋಕೆ ಬಂದೆಯಲ್ಲ, ಏನು?"

ಲೆಕ್ಕದಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಹಿಂದಿಟ್ಟ. "ಮೆಟ್ಟಿಲು ಜಾರುತ್ತೆ, ಇಳಿಯೋವಾಗ ಹುಷಾರು ಅಂತ ಹೇಳೋಕೆ ಬಂದೆ," ಎಂದು ಇಳಿದು ಬಂದ.

ಕೆಳಗೆ ದೋಣಿಯವನು ನಿಂತಿದ್ದ. ಅಡುಗೆಯವರ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಕರೆಯದೆ ಬರುವ ಉಪಕಾರಕ್ಕೆ ಅವನು ಹೆಸರುವಾಸಿ. "ನೀನು ಯೋಚನೆ ಮಾಡ್ಬೇಡ ಲೆಕ್ಕದಣ್ಣ. ಬರೋ ನಾನೂರು ಜನ ಊಟಕ್ಕೆ ಕೂರಲ್ಲ ತಾನೇ? ನಮ್ಮ ಅತ್ತೆ ಮನೆಯವರನ್ನ ಕರೆಸ್ತೀನಿ. ಹದಿನಾಲ್ಕು ಜನ. ಕೂತ್ರೆ ಪಾತ್ರೆ ತಳ ಕಾಣೋವರೆಗೂ ಏಳಲ್ಲ," ಎಂದ.

ಬೇಡ ಎನ್ನುವಷ್ಟರಲ್ಲಿ ಫೋನು ಅವನ ಕಿವಿಯಲ್ಲಿತ್ತು. ಹನ್ನೊಂದೂವರೆಗೆ ಆ ಹದಿನಾಲ್ಕು ಜನ ವ್ಯಾನಿನಿಂದ ಇಳಿದರು. ಅವರ ಜೊತೆಗೆ ಏಳು ಊಟದ ಡಬ್ಬಿಗಳೂ ಇಳಿದವು. ದೋಣಿಯವನ ಅತ್ತೆ, "ಇಲ್ಲಿ ಊಟ ಕೆಟ್ಟದಾಗಿದೆ ಅಂತ ನೀವೇ ಅಲ್ವೇ ಅಳಿಯಂದಿರೇ ಫೋನಲ್ಲಿ ಹೇಳಿದ್ದು? ಅದಕ್ಕೇ ಮನೆಯಿಂದ್ಲೇ ಮಾಡ್ಕೊಂಡು ಬಂದ್ವಿ," ಎಂದು ಹುಲ್ಲಿನ ಮೇಲೆ ಚಾಪೆ ಹಾಸಿದರು. ಮನೆಯಿಂದ ಬುತ್ತಿ ತರುವ ಜನ ಎಂದು ಭಾವ ಅಷ್ಟು ದಿನ ಊಹಿಸಿಕೊಂಡಿದ್ದವರು ಕೊನೆಗೂ ಕಣ್ಣಿಗೆ ಬಿದ್ದಂತಾಯಿತು. ಅಡುಗೆಮನೆಯ ಬಾಗಿಲಿನಿಂದ ಅವರನ್ನು ನೋಡಿದ ಅಡುಗೆಯವರು ಒಳಗೆ ಹೋದರು.

ಲೆಕ್ಕದಣ್ಣ ಹದಿನಾಲ್ಕು ಸಲ ಒತ್ತಿ ಸ್ಟೂಲಿನ ಮೇಲೆ ಕುಸಿದ. ನೋಡನೋಡುತ್ತ ಗಂಟೆ ಹನ್ನೆರಡೂವರೆ ಆಯಿತು. ಇನ್ನು ಅರ್ಧ ಗಂಟೆಗೆ ಅಮ್ಮನವರು ಇಳಿಯುತ್ತಾರೆ, ಖಾಲಿ ಹುಲ್ಲುಹಾಸು ನೋಡುತ್ತಾರೆ, ಎಲ್ಲ ತಿಳಿಯುತ್ತದೆ. ತಿಳಿಯಲಿ. ತನ್ನ ಮಾನ ಹೋದರೂ ಭಾವ ಉಳಿಯುತ್ತಾರೆ. ಹೀಗೆ ಧೈರ್ಯ ತಂದುಕೊಂಡು ಅವನು ರಸ್ತೆಯ ಆಚೆಗೆ ನೋಡಿದ. ಹೊಸ ಪಾರ್ಕಿನ ದೊಡ್ಡ ಚಕ್ರ ತಿರುಗುತ್ತಿರಲಿಲ್ಲ.

ನಿಂತೇ ಹೋಗಿತ್ತು. ಅಲ್ಲಿನ ಹಾಡೂ ನಿಂತಿತ್ತು. ಇಡೀ ಪಾರ್ಕಿಗೆ ವಿದ್ಯುತ್ ಕೈಕೊಟ್ಟಿತ್ತು. ಮೂರೂವರೆಗೆ ಸರಿಹೋಗುತ್ತದೆ, ಅದೇ ಟಿಕೆಟ್ಟಿನಲ್ಲಿ ಮತ್ತೆ ಬನ್ನಿ ಎಂದು ಯಾರೋ ಕೂಗಿ ಹೇಳುತ್ತಿದ್ದರು. ಗೇಟು ತೆರೆಯಿತು, ಜನ ಹೊರಗೆ ಬಿದ್ದರು. ಬಿಸಿಲು, ಹಸಿವು, ಅಳುವ ಮಕ್ಕಳು. ಎದುರಿಗೆ ನೆರಳಿರುವ, ಟಿಕೆಟ್ ಕೇಳದ ಒಂದೇ ಒಂದು ಗೇಟು.

ಲೆಕ್ಕದಣ್ಣ ಎದ್ದು ನಿಂತ. ಜನ ಅವನನ್ನು ಗೋಡೆಗೆ ಒತ್ತಿ ಒಳಗೆ ನುಗ್ಗಿದರು. ಹತ್ತು, ಮೂವತ್ತು, ಎಂಬತ್ತು, ನೂರೈವತ್ತು. ಅವನು ಒತ್ತುತ್ತಲೇ ಹೋದ. ಎಷ್ಟೋ ದಿನದ ಮೇಲೆ ಬೆರಳಿಗೆ ನಿಜವಾದ ತಲೆಗಳು ಸಿಕ್ಕಿದ್ದವು. ನೋವೇ ಗೊತ್ತಾಗಲಿಲ್ಲ. ಒಂದು ಗಂಟೆಗೆ ಸರಿಯಾಗಿ ಯಂತ್ರ ಇನ್ನೂರ ಅರವತ್ತಮೂರು ತೋರಿಸುತ್ತಿದ್ದಾಗ, ದೋಣಿಯವನೂ ಈಜುಕೊಳದವನೂ ಕುರ್ಚಿಯ ಸಮೇತ ಅಮ್ಮನವರನ್ನು ಹೊತ್ತು ಕೆಳಗೆ ಇಳಿಸಿದರು.

ಹುಲ್ಲಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅಮ್ಮನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ಜನ," ಎಂದರು. "ಅಂಕಿ ಓದೋದು ಬೇರೆ, ಕಣ್ಣಾರೆ ನೋಡೋದು ಬೇರೆ. ಇವತ್ತು ಎಷ್ಟಪ್ಪ?"

"ಇನ್ನೂರ ಅರವತ್ತಮೂರು," ಎಂದ ಲೆಕ್ಕದಣ್ಣ. ಇಷ್ಟು ದಿನದಲ್ಲಿ ಅವನು ಹೇಳಿದ ಮೊದಲ ನಿಜ ಅದು.

"ಇನ್ನೂರ ಅರವತ್ತಮೂರಕ್ಕೇ ಈ ನೂಕುನುಗ್ಗಲು. ಅಂದ್ರೆ ನಾನೂರು ಬಂದ ದಿನ ಹೇಗಿರ್ತಿತ್ತೋ." ಅವರು ಅವನ ಕೈ ಹಿಡಿದು ಒತ್ತಿದರು. ಆ ಒತ್ತುವಿಕೆಗೆ ಹೆಬ್ಬೆರಳು ಚುಳ್ ಎಂದಿತು.

ಲೆಕ್ಕದಣ್ಣನಿಗೆ ಉಸಿರು ಬಂತು. ಉಳಿದೆ ಎಂದುಕೊಂಡ. ಹಾಗೆ ಅಂದುಕೊಂಡ ಮರುಕ್ಷಣ ಕ್ಯಾಂಟೀನಿನ ಕಡೆಯಿಂದ ಗಲಾಟೆ ಕೇಳಿತು.

ಕ್ಯಾಂಟೀನಿಗೆ ಸಾಮಾನು ಬರುತ್ತಿದ್ದುದು ಮೂವತ್ತು ಜನಕ್ಕೆ. ಮೂವತ್ತು ಬಟ್ಟಲು ಸೂಪು, ಮೂವತ್ತು ಬ್ರೆಡ್ಡು ಹತ್ತು ನಿಮಿಷದಲ್ಲಿ ಖಾಲಿಯಾಗಿ, ಉಳಿದವರು ತಟ್ಟೆ ಬಡಿಯುತ್ತಿದ್ದರು. ಅಮ್ಮನವರ ಕುರ್ಚಿ ಒಳಗೆ ಬಂದಾಗ ಅಡುಗೆಯವರು ಬರಿಯ ಪಾತ್ರೆಯನ್ನು ಸೌಟಿನಿಂದ ಕೆರೆಯುತ್ತ ನಿಂತಿದ್ದರು. ಒಬ್ಬ ತಾಯಿ ಮಗುವನ್ನು ಸೊಂಟದ ಮೇಲೆ ಏರಿಸಿಕೊಂಡು, "ಇಷ್ಟು ದೊಡ್ಡ ಜಾಗ, ಒಂದು ಮಗೂಗೆ ಊಟ ಇಲ್ಲ. ನಾಚಿಕೆ ಆಗ್ಬೇಕು ನಿಮಗೆ," ಎಂದಳು. ಅಡುಗೆಯವರು ಕಿವಿಯವರೆಗೆ ಕೆಂಪೇರಿ, ಖಾಲಿ ಪಾತ್ರೆಯೊಳಗೆ ಮುಖ ಮಾಡಿಕೊಂಡು ನಿಂತರು.

ಮೂರೂವರೆಗೆ ಎದುರಿನ ಚಕ್ರ ಮತ್ತೆ ತಿರುಗಿತು. ಜನ ಬಂದಂತೆಯೇ ಹೋದರು. ದೋಣಿಯವನ ಅತ್ತೆಯವರೂ ಡಬ್ಬಿ ಕಟ್ಟಿಕೊಂಡು, ಬಂದದ್ದು ಬಂದೆವು ಎಂದು ಅವರ ಜೊತೆ ರಸ್ತೆ ದಾಟಿದರು.

ಕ್ಯಾಂಟೀನಿನಲ್ಲಿ ಐದು ಜನ ಉಳಿದರು. ಅಮ್ಮನವರು, ಅಡುಗೆಯವರು, ಲೆಕ್ಕದಣ್ಣ, ಕುರ್ಚಿ ಹೊರಲು ಆ ಇಬ್ಬರು.

"ಇನ್ನೇನು ಹೇಳೋದಿದೆ?" ಎಂದರು ಅಮ್ಮನವರು. "ನಾನೂರು ಜನ ಬರೋ ಕಡೆ ಮೂವತ್ತು ಜನಕ್ಕೆ ಮಾಡ್ತೀರಾ. ಹಸಿದು ಬಂದವರನ್ನ ಹಾಗೇ ಕಳಿಸಿದ್ರಲ್ಲ. ನಾಳೆಯಿಂದ ನೀವು ಬರೋದು ಬೇಡ."

ಅಡುಗೆಯವರು ಸೊಂಟದಿಂದ ಏಪ್ರನ್ ಬಿಚ್ಚಿ ಮಡಿಸತೊಡಗಿದರು. ಒಂದು ಮಡಿಕೆ, ಎರಡು ಮಡಿಕೆ. ಮೂಲೆಗೆ ಮೂಲೆ ಸರಿಯಾಗಿ ಕೂಡಿಸುತ್ತಿದ್ದರು. ಸುಮ್ಮನಿದ್ದರೆ ಲೆಕ್ಕದಣ್ಣನ ಕೂದಲೂ ಕೊಂಕುವಂತಿರಲಿಲ್ಲ. ಅವನ ಅಂಕಿಗೆ ಇಡೀ ಊರೇ ಬಂದು ಸಾಕ್ಷಿ ಹೇಳಿ ಹೋಗಿತ್ತು. ಆದರೆ ಮೂರನೆಯ ಮಡಿಕೆಯನ್ನು ಅವನಿಂದ ನೋಡಲಾಗಲಿಲ್ಲ.

"ಅಮ್ಮಾ, ತಪ್ಪು ನಂದು," ಎಂದ. "ನಾನೂರು ಜನ ಬರ್ತಾನೇ ಇರಲಿಲ್ಲ. ಹತ್ತು, ಹದಿನೈದು, ಅಷ್ಟೇ. ಮಿಕ್ಕಿದ್ದೆಲ್ಲ ನಾನು ಕೂತ್ಕೊಂಡು ಒತ್ತಿದ್ದು. ಕಾಗೆಗೆ ಒತ್ತಿದ್ದೀನಿ, ನಾಯಿಗೆ ಒತ್ತಿದ್ದೀನಿ. ಇವತ್ತು ಬಂದವರು ಎದುರಿನ ಪಾರ್ಕಿನವರು, ಅಲ್ಲಿ ಕರೆಂಟು ಹೋಗಿತ್ತು. ಭಾವನವರ ಅಡುಗೇಲಿ ಏನೂ ದೋಷ ಇಲ್ಲ. ತಿನ್ನೋಕೆ ಜನಾನೇ ಇರಲಿಲ್ಲ."

ಹೇಳಿ ಮುಗಿಸಿದಾಗ ಅವನ ಕಾಲು ನಡುಗುತ್ತಿತ್ತು. ಬೈಗುಳಕ್ಕೆ ತಲೆ ಕೊಟ್ಟು ನಿಂತ. ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅಮ್ಮನವರ ಕಣ್ಣಲ್ಲಿ ನೀರು.

"ಕೇಳಿದ್ರೇನ್ರೋ," ಎಂದರು ಅವರು ದೋಣಿಯವನ ಕಡೆ ತಿರುಗಿ. "ಭಾವನ ಕೆಲಸ ಉಳಿಸೋಕೆ ತನ್ನ ಮೇಲೇ ಅಪವಾದ ಹೊತ್ಕೊಂಡ. ಹತ್ತು ವರ್ಷದ ಹೆಸರನ್ನ ಒಂದು ಮಾತಲ್ಲಿ ಕೆರೆಗೆ ಹಾಕಿದ."

"ಇಲ್ಲಮ್ಮ, ನಿಜವಾಗ್ಲೂ..."

"ಸಾಕು ಸುಮ್ನಿರು. ನಿನಗೆ ಸುಳ್ಳು ಹೇಳೋಕೆ ಬರಲ್ಲ. ಹೇಳೋವಾಗ ಹೇಗೆ ನಡುಗ್ತಿದ್ದೆ, ನಾನು ನೋಡ್ಲಿಲ್ವಾ? ಕಾಗೆಗೆ ಒತ್ತಿದ್ನಂತೆ. ಯಾರಾದ್ರೂ ನಂಬೋ ಮಾತಾ?"

"ಕೆರೆ ಹತ್ತಿರ ಯಾರೂ ಬರ್ತಿರಲಿಲ್ಲ ಅನ್ನೋದು ನಿಜಾನೇ ಅಮ್ಮ," ಎಂದ ದೋಣಿಯವನು ಮೆಲ್ಲಗೆ. "ಎಲ್ಲರೂ ಕೊಳದ ಹತ್ತಿರಾನೇ ಇರ್ತಿದ್ರು." ಈಜುಕೊಳದವನು ಅವನನ್ನೇ ದಿಟ್ಟಿಸಿದ, ಆದರೆ ತನ್ನ ಕೊಳ ಒಂದಾದರೂ ಜನಕ್ಕೆ ಬೇಕಾಗಿದೆ ಎಂಬ ಮಾತನ್ನು ಅಲ್ಲಗಳೆಯಲು ಅವನಿಗೆ ಮನಸ್ಸು ಬರಲಿಲ್ಲ.

ಲೆಕ್ಕದಣ್ಣ ಕೊನೆಯ ಆಸೆಯಿಂದ ಭಾವನ ಮುಖ ನೋಡಿದ. ಅಡುಗೆಯವರು ಏಪ್ರನ್ ಕೆಳಗಿಟ್ಟು ಬಂದು ಅವನನ್ನು ತಬ್ಬಿಕೊಂಡರು. "ನನಗೋಸ್ಕರ ಇಂಥ ಮಾತು ಹೇಳಿದ್ರಲ್ಲ ಭಾವ. ನನ್ನ ತಂಗಿ ಪುಣ್ಯ ಮಾಡಿದ್ಲು," ಎಂದರು. ಅವರ ಹೆಗಲಿನಿಂದ ಸೂಪಿನ ವಾಸನೆ ಬರುತ್ತಿತ್ತು. ನೆಲ ಬಿರಿದು ಹಾಗೇ ಒಳಗೆ ಹೋಗಿಬಿಡಬಾರದೇ ಎನ್ನಿಸಿತು ಲೆಕ್ಕದಣ್ಣನಿಗೆ. ಇಷ್ಟು ದಿನ ಸುಳ್ಳು ಹೇಳಿ ನಾಚಿದ್ದ. ನಿಜ ಹೇಳಿ ಇಷ್ಟು ನಾಚಬೇಕಾದೀತೆಂದು ಅವನಿಗೆ ಗೊತ್ತಿರಲಿಲ್ಲ.

ಅಮ್ಮನವರು ಮೂಗೊರೆಸಿಕೊಂಡು, ಅಡುಗೆಯವರು ತಮಗೆಂದೇ ಮೊದಲೇ ತೆಗೆದಿಟ್ಟಿದ್ದ ಬಟ್ಟಲಿನಲ್ಲಿ ಉಳಿದ ಕೊನೆಯ ಗುಟುಕನ್ನು ಕುಡಿದರು. "ಇಷ್ಟು ಒಳ್ಳೆ ಮನಸ್ಸಿನವರನ್ನ ನಾನು ಬಿಡಲ್ಲ. ಸೂಪು ಚೆನ್ನಾಗೇ ಇದೆ. ಕೈ ಕೆಟ್ಟಿಲ್ಲ. ಕೆಟ್ಟಿರೋದು ಅಂದಾಜು. ಎಷ್ಟು ಜನ ಬರ್ತಾರೆ ಅಂತ ಇವರಿಗೆ ಗೊತ್ತಾಗಲ್ಲ, ಅಷ್ಟೇ ತೊಂದರೆ. ಅದು ಗೊತ್ತಿರೋನು ನಮ್ಮಲ್ಲಿ ಒಬ್ಬನೇ. ನಾಳೆಯಿಂದ ಕ್ಯಾಂಟೀನು ಲೆಕ್ಕದಣ್ಣ ನೋಡ್ಕೊಳ್ಳಲಿ. ಇವರಿಗೂ ವಯಸ್ಸಾಯ್ತು, ಬೆಂಕಿ ಮುಂದೆ ನಿಂತಿದ್ದು ಸಾಕು. ಗೇಟಲ್ಲಿ ನೆರಳಲ್ಲಿ ಕೂತು ಇವರು ಎಣಿಸಲಿ."

"ನನಗೆ ನೀರು ಕಾಯಿಸೋಕೂ ಬರಲ್ಲ ಅಮ್ಮ," ಎಂದ ಲೆಕ್ಕದಣ್ಣ.

"ಭಾವ ಹೇಳಿಕೊಡ್ತಾರೆ. ಜನ ಅಂತೂ ದಿನಾ ನಾನೂರು ಇದ್ದೇ ಇರ್ತಾರೆ. ನೀನು ಹೊಟ್ಟೆ ತುಂಬ ಹಾಕಿದ್ರೆ ಹೆಚ್ಚಾಗ್ತಾರೆ. ಕಡಿಮೆ ಆದ್ರೆ ಮಾತ್ರ, ನಿನ್ನ ಅಡುಗೆ ಸರಿ ಇಲ್ಲ ಅಂತ ಆಗುತ್ತೆ, ಅಷ್ಟೇ," ಎಂದು ನಕ್ಕು, ಕುರ್ಚಿ ಎತ್ತಲು ಸನ್ನೆ ಮಾಡಿದರು.

ಕುರ್ಚಿ ಮಹಡಿ ಹತ್ತಿತು. ಸಂಜೆಯ ಹೊತ್ತಿಗೆ ನಾನೂರು ಜನಕ್ಕೆ ಸಾಕಾಗುವಷ್ಟು ಆಲೂಗಡ್ಡೆ ಮೂಟೆಗಳು ಬಂದು ಅಡುಗೆಮನೆಯ ಮೂಲೆಯಲ್ಲಿ ಇಳಿದವು. ನಾಳೆ ಸೋಮವಾರ. ಹೆಚ್ಚೆಂದರೆ ಹನ್ನೊಂದು ಜನ ಬರುವ ದಿನ.

ಲೆಕ್ಕದಣ್ಣ ಯಂತ್ರವನ್ನು ಜೇಬಿನಿಂದ ತೆಗೆದು ಭಾವನ ಕೈಗಿಟ್ಟ. ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. "ಭಾವ, ಎಣಿಸೋವಾಗ ಸ್ವಲ್ಪ ಧಾರಾಳವಾಗಿ ಎಣಿಸಿ," ಎಂದ, ಅವರ ಕಾಲ ಹತ್ತಿರ ನೋಡುತ್ತ.

ಅಡುಗೆಯವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಂಥದ್ದೇನೂ ಮನಸ್ಸಿಗೆ ಹಚ್ಕೋಬೇಡಿ. ನೀವು ಹತ್ತು ವರ್ಷ ಉಳಿಸಿಕೊಂಡ ಹೆಸರು ಇದು. ಒಂದು ತಲೆ ಹೆಚ್ಚಿಲ್ಲ, ಒಂದು ತಲೆ ಕಡಿಮೆ ಇಲ್ಲ, ಎಷ್ಟು ಬರ್ತಾರೋ ಅಷ್ಟೇ ಅಮ್ಮನವರಿಗೆ ಹೇಳ್ತೀನಿ. ನನ್ನ ತಂಗಿ ಮೇಲಾಣೆ," ಎಂದರು.